ಆನೆಸ್ಟ್ ಎಂಬ ಬಿರುದು

"ಆನೆಸ್ಟ್ ಆಗಿ ಹೇಳ್ಬೇಕು ಅಂದ್ರೆ..." ಎಂದು ಮಾತು ಶುರುಮಾಡುವುದು ಈಗ ನಮ್ಮಲ್ಲಿ ತೀರಾ ಸಾಮಾನ್ಯ. ಹೊಸ ಸಿನಿಮಾ ಹೇಗಿತ್ತು ಎಂದು ಕೇಳಿ, ಗೆಳೆಯನ ಕವಿತೆ ಹೇಗಿದೆ ಎಂದು ಕೇಳಿ, ಉತ್ತರಕ್ಕಿಂತ ಮುಂಚೆ ಈ ಪದ ಬಂದು ನಿಂತಿರುತ್ತದೆ. ಹಾಗಾದರೆ ಇಷ್ಟು ಹೊತ್ತು ಆಡಿದ್ದೇನು ಎಂದು ಯಾರೂ ಕೇಳುವುದಿಲ್ಲ. ಮುಂದೆ ಬರುವ ಮಾತನ್ನು ನಂಬಿ ಎಂಬ ಕೋರಿಕೆಯಷ್ಟೇ ಅಲ್ಲಿರುವುದು. ಕನ್ನಡದಲ್ಲಿ ಹೇಳಿ ಎಂದರೆ 'ಪ್ರಾಮಾಣಿಕವಾಗಿ' ಎನ್ನುತ್ತೇವೆ, ಅಲ್ಲಿಗೆ ಅರ್ಥ ಮುಗಿಯಿತು ಎಂದುಕೊಳ್ಳುತ್ತೇವೆ.

ಆದರೆ ಈ ಪದ ಅಷ್ಟು ಸುಲಭದ್ದಲ್ಲ. ಇದೊಂದೇ ಪದವನ್ನು ಹಿಡಿದು ಶೇಕ್ಸ್‌ಪಿಯರನ ಒಂದು ದುರಂತ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಬಹುದು. ಇಂಗ್ಲಿಷ್ ವಿಮರ್ಶಕ ವಿಲಿಯಂ ಎಂಪ್ಸನ್ 1951ರಲ್ಲಿ ಪ್ರಕಟವಾದ 'ದಿ ಸ್ಟ್ರಕ್ಚರ್ ಆಫ್ ಕಾಂಪ್ಲೆಕ್ಸ್ ವರ್ಡ್ಸ್' ಎಂಬ ಪುಸ್ತಕದಲ್ಲಿ ಆ ಕೆಲಸ ಮಾಡಿದ್ದಾನೆ. 'ಒಥೆಲೊ' ನಾಟಕದಲ್ಲಿ 'ಆನೆಸ್ಟ್' ಮತ್ತು 'ಆನೆಸ್ಟಿ' ಎಂಬ ಪದಗಳು 52 ಸಲ ಬರುತ್ತವೆ ಎಂಬುದು ಅವನ ಲೆಕ್ಕ. ಇಷ್ಟು ಸಲ ಬರುವ ಪದ ಕವಿಯ ಕೈತಪ್ಪಿ ಬಂದದ್ದಾಗಿರಲಾರದು. ಎಂಪ್ಸನ್ ತೋರಿಸಿದ ದಾರಿಯಲ್ಲೇ ಹೊರಟು, ಕನ್ನಡದಲ್ಲಿ ಓದುವವರಿಗೆ ಈ ಪದ ಇನ್ನೇನು ತೋರಿಸಬಹುದು ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪದದ ಹಿನ್ನೆಲೆ. ಲ್ಯಾಟಿನ್ನಿನ 'ಆನರ್', ಅಂದರೆ ಗೌರವ, ಇದರ ಮೂಲ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮರ್ಯಾದಸ್ಥ, ಸಭ್ಯ, ನಾಲ್ಕು ಜನ ಒಪ್ಪುವಂಥದ್ದು ಎಂಬ ಅರ್ಥಗಳಿದ್ದವು. ಸುಳ್ಳು ಹೇಳದವನು, ಮೋಸ ಮಾಡದವನು ಎಂಬುದು ಆಮೇಲೆ ಗಟ್ಟಿಯಾದ ಅರ್ಥ. ಹೆಂಗಸಿನ ವಿಷಯಕ್ಕೆ ಬಂದರೆ ಅರ್ಥ ಒಂದೇ: ಶೀಲವಂತೆ, ಗರತಿ. ಹೆಣ್ಣೊಬ್ಬಳನ್ನು 'ಆನೆಸ್ಟ್' ಮಾಡುವುದು ಎಂದರೆ ಅವಳ ಜೊತೆ ಸಂಬಂಧವಿಟ್ಟುಕೊಂಡವನು ಅವಳನ್ನು ಮದುವೆಯಾಗುವುದು ಎಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಇವತ್ತಿಗೂ ಉಳಿದಿದೆ, ತಮಾಷೆಗೆ ಬಳಸುತ್ತಾರೆ. ಇವಲ್ಲದೆ ಇನ್ನೊಂದು ಬಳಕೆಯಿತ್ತು. ಮೇಲಿನವರು ಕೆಳಗಿನವರನ್ನು ಕರೆಯುವಾಗ ಅವರ ಹೆಸರಿನ ಹಿಂದೆ ಈ ಪದವನ್ನು ಸೇರಿಸುತ್ತಿದ್ದರು. 'ಒಳ್ಳೆಯವನಪ್ಪ, ಹೇಳಿದ ಕೆಲಸ ಮಾಡಿಕೊಂಡಿರುತ್ತಾನೆ' ಎಂಬ ಧಾಟಿಯ ಮೆಚ್ಚುಗೆ ಅದು. ಅಂಥ ಮೆಚ್ಚುಗೆಯಲ್ಲಿ ಪ್ರೀತಿ ಇಲ್ಲ ಎಂದಲ್ಲ. ಆದರೆ ಮೆಚ್ಚುವವನು ಜಗಲಿಯ ಮೇಲಿರುತ್ತಾನೆ, ಮೆಚ್ಚಿಸಿಕೊಳ್ಳುವವನು ಅಂಗಳದಲ್ಲಿರುತ್ತಾನೆ.

ಕನ್ನಡದಲ್ಲಿ ಈ ಅರ್ಥಕ್ಕೆ ಹತ್ತಿರದ ಪದ 'ಪ್ರಾಮಾಣಿಕ' ಅಲ್ಲ, 'ನಿಯತ್ತು'. ಆಳಿಗೆ ನಿಯತ್ತಿರಬೇಕು ಎನ್ನುತ್ತೇವೆ, ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ ಎನ್ನುತ್ತೇವೆ. ಯಜಮಾನನಿಗೆ ನಿಯತ್ತಿರಬೇಕು ಎನ್ನುವುದು ಅಪರೂಪ. ನಿಯತ್ತು ಕೆಳಗಿನಿಂದ ಮೇಲಕ್ಕೆ ಸಲ್ಲಬೇಕಾದ ಗುಣ. ಬ್ರಿಟಿಷರ ಕಾಲದಲ್ಲಿ ದೊರೆಗಳು ಊರು ಬಿಡುವಾಗ ಅಡುಗೆಯವನಿಗೋ ಬಟ್ಲರನಿಗೋ ಬರೆದುಕೊಡುತ್ತಿದ್ದ ಶಿಫಾರಸು ಚೀಟಿಗಳಲ್ಲಿ 'ಆನೆಸ್ಟ್' ಎಂಬ ಪದಕ್ಕೆ ಇದ್ದ ಬೆಲೆ ಈ ಬಗೆಯದು. ಆ ಚೀಟಿಯಿಂದ ಇನ್ನೊಂದು ಮನೆಯಲ್ಲಿ ಕೆಲಸ ಸಿಗುತ್ತಿತ್ತು. ಆದರೆ ಚೀಟಿ ಬರೆಯುವವನಿಗೆ ಅಂಥ ಚೀಟಿ ಬೇಕಿರಲಿಲ್ಲ.

ಇಷ್ಟು ತಿಳಿದು ನಾಟಕಕ್ಕೆ ಬರೋಣ. 'ಒಥೆಲೊ' ರಚನೆಯಾದದ್ದು 1603-04ರ ಸುಮಾರಿಗೆ. 1604ರ ನವೆಂಬರ್ 1ರಂದು ಲಂಡನ್ನಿನ ಅರಮನೆಯಲ್ಲಿ ಅದರ ಪ್ರದರ್ಶನ ನಡೆದ ದಾಖಲೆಯಿದೆ. ಕಥೆಯನ್ನು ಶೇಕ್ಸ್‌ಪಿಯರ್ ತೆಗೆದುಕೊಂಡದ್ದು 1565ರಲ್ಲಿ ಪ್ರಕಟವಾದ ಚಿಂಥಿಯೊ ಎಂಬ ಇಟಲಿಯ ಲೇಖಕನ ಕಥಾಸಂಗ್ರಹದಿಂದ. ವೆನಿಸ್ ಗಣರಾಜ್ಯದ ಸೇನಾಪತಿ ಒಥೆಲೊ ಕಪ್ಪು ಮೈಬಣ್ಣದ ಮೂರ್. ಬಿಳಿಯ ಶ್ರೀಮಂತ ಬ್ರಬಾನ್ಶಿಯೊನ ಮಗಳು ಡೆಸ್ಡಿಮೋನಾಳನ್ನು ಗುಟ್ಟಾಗಿ ಮದುವೆಯಾಗುತ್ತಾನೆ. ಅವನ ಕೈಕೆಳಗಿನ ಧ್ವಜಧಾರಿ ಇಯಾಗೊ. ಲೆಫ್ಟಿನೆಂಟ್ ಹುದ್ದೆ ತನಗೆ ಸಿಗುತ್ತದೆ ಎಂದು ಇಯಾಗೊ ಕಾಯುತ್ತಿದ್ದಾಗ ಅದು ಕ್ಯಾಸಿಯೊನ ಪಾಲಾಗಿದೆ. ಮುಂದಿನದು ಗೊತ್ತಿರುವ ಕಥೆ. ಡೆಸ್ಡಿಮೋನಾಳಿಗೂ ಕ್ಯಾಸಿಯೊನಿಗೂ ಸಂಬಂಧವಿದೆ ಎಂದು ಇಯಾಗೊ ಒಥೆಲೊನ ಕಿವಿಯಲ್ಲಿ ವಿಷ ಹಾಕುತ್ತಾನೆ, ಒಥೆಲೊ ಹೆಂಡತಿಯನ್ನು ಕೊಲ್ಲುತ್ತಾನೆ, ಸತ್ಯ ತಿಳಿದ ಮೇಲೆ ತನ್ನನ್ನೂ ಕೊಂದುಕೊಳ್ಳುತ್ತಾನೆ.

ಮೊದಲ ದೃಶ್ಯದಲ್ಲೇ ಇಯಾಗೊ ಈ ಪದವನ್ನು ತಾನೇ ಎತ್ತುತ್ತಾನೆ. ರೊಡೆರಿಗೊನ ಮುಂದೆ ಸೇವಕರಲ್ಲಿ ಎಷ್ಟು ಬಗೆ ಎಂದು ವಿವರಿಸುವ ಮಾತು ಅದು. ಕೆಲವರು ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ದುಡಿಯುತ್ತಾರೆ, ಯಜಮಾನನ ಕತ್ತೆಯ ಹಾಗೆ ಬರೀ ಮೇವಿಗಾಗಿ ಆಯಸ್ಸು ಸವೆಸುತ್ತಾರೆ, ಮುದುಕರಾದ ಮೇಲೆ ಹೊರದಬ್ಬಿಸಿಕೊಳ್ಳುತ್ತಾರೆ. ಇಂಥ 'ಆನೆಸ್ಟ್' ಆಳುಗಳಿಗೆ ಚಾಟಿಯೇಟು ಬೀಳಬೇಕು ಎನ್ನುತ್ತಾನೆ. ಪದದ ಒಳಗಿರುವ ಯಜಮಾನಿಕೆಯನ್ನು ನಾಟಕದಲ್ಲಿ ಎಲ್ಲರಿಗಿಂತ ಮೊದಲು ಗುರುತಿಸಿದವನು ಅವನೇ. ಸ್ವಲ್ಪ ಹೊತ್ತಿನಲ್ಲೇ, ಡೆಸ್ಡಿಮೋನಾಳನ್ನು ಸೈಪ್ರಸ್ಸಿಗೆ ಕರೆತರುವ ಹೊಣೆಯನ್ನು ಒಪ್ಪಿಸುವಾಗ, ಒಥೆಲೊ ಅವನನ್ನು ಕರೆಯುವುದು ಅದೇ ಪದದಿಂದ. ಅಲ್ಲಿಂದ ಮುಂದೆ 'ಆನೆಸ್ಟ್ ಇಯಾಗೊ' ಎಂಬುದು ಜೋಡಿ ಹೆಸರಾಗಿಬಿಡುತ್ತದೆ. ಒಥೆಲೊ ಹಾಗೆ ಕರೆಯುತ್ತಾನೆ, ಕ್ಯಾಸಿಯೊ ಹಾಗೆ ಕರೆಯುತ್ತಾನೆ, ಡೆಸ್ಡಿಮೋನಾ ಕೂಡ ಅವನು ಒಳ್ಳೆಯವನೆಂದೇ ನಂಬಿದ್ದಾಳೆ.

ಲೆಫ್ಟಿನೆಂಟ್ ಹುದ್ದೆ ಕ್ಯಾಸಿಯೊನಿಗೆ ಸಿಕ್ಕಿತು, ಇಯಾಗೊನಿಗೆ ಸಿಕ್ಕಿದ್ದು ಈ ವಿಶೇಷಣ. ಬಡ್ತಿ ಕೊಡದವರು ಬಿರುದು ಕೊಟ್ಟರು. ಕ್ಯಾಸಿಯೊ ಡೆಸ್ಡಿಮೋನಾಳ ಮುಂದೆ ಇಯಾಗೊನ ಬಗ್ಗೆ ಹೇಳುವಾಗ, ಇವನನ್ನು ಪಂಡಿತನೆಂದು ನೋಡುವುದಕ್ಕಿಂತ ಸೈನಿಕನೆಂದು ನೋಡಿದರೆ ನಿಮಗೆ ಹಿಡಿಸುತ್ತಾನೆ ಎಂಬರ್ಥದ ಮಾತಾಡುತ್ತಾನೆ. ನಯನಾಜೂಕು ಬಲ್ಲವನು ಒರಟನಿಗೆ ಕೊಡುವ ರಿಯಾಯಿತಿ ಇದು. ಕುಡಿದ ಅಮಲಿನಲ್ಲಿ ಅದೇ ಕ್ಯಾಸಿಯೊ, ದೇವರ ಮುಂದೆ ಕೂಡ ಲೆಫ್ಟಿನೆಂಟನಿಗೆ ಮೊದಲು ಮುಕ್ತಿ ಸಿಗಬೇಕು, ಧ್ವಜಧಾರಿಗೆ ಆಮೇಲೆ ಎಂದುಬಿಡುತ್ತಾನೆ. ನೋಡುವವರು ನಗುತ್ತಾರೆ. ಇಯಾಗೊ ಅದನ್ನು ಹೇಗೆ ಕೇಳಿಸಿಕೊಂಡ ಎಂದು ನಾಟಕ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ಇಯಾಗೊನ ಕೇಡಿಗೆ ಕಾರಣವೇ ಇಲ್ಲ, ಅವನು ಕಾರಣಗಳನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬುದು ಕೋಲ್ರಿಜ್‌ನ ಪ್ರಸಿದ್ಧ ತೀರ್ಪು. ತರಗತಿಗಳಲ್ಲಿ ಇವತ್ತಿಗೂ ಇದನ್ನೇ ಬರೆಸುತ್ತಾರೆ. ಇಯಾಗೊ ಕೊಡುವ ಕಾರಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ನಿಜ. ಆದರೆ ಅವನ ಸ್ವಗತಗಳನ್ನು ಬಿಟ್ಟು ಉಳಿದವರು ಅವನನ್ನು ಕರೆಯುವ ಬಗೆಯನ್ನು ಕೇಳಿಸಿಕೊಂಡರೆ, ಕಾರಣ ಅಷ್ಟು ದೂರದಲ್ಲಿಲ್ಲ ಎನಿಸುತ್ತದೆ. ದಿನಕ್ಕೆ ಹತ್ತು ಸಲ ಹೊಗಳಿಕೆಯ ರೂಪದಲ್ಲಿ ತನ್ನ ಅಂತಸ್ತನ್ನು ನೆನಪಿಸುವ ಪದವನ್ನು ಅವನು ಕೇಳುತ್ತಿದ್ದಾನೆ. ಈ ಪದದಲ್ಲಿದ್ದ ಯಜಮಾನಿಕೆಯ ದನಿಯನ್ನು ಎಂಪ್ಸನ್ ಗುರುತಿಸಿದ್ದಾನೆ. ಇದರಿಂದ ಇಯಾಗೊನ ಮೇಲೆ ಕರುಣೆ ಹುಟ್ಟಬೇಕಾಗಿಲ್ಲ. ಅವಮಾನ ನುಂಗಿಯೂ ಕೊಲೆಗಡುಕರಾಗದವರೇ ಲೋಕದಲ್ಲಿ ಹೆಚ್ಚು. ಆದರೆ ಕೇಡು ಆಕಾಶದಿಂದ ಬಿದ್ದದ್ದಲ್ಲ, ಆ ಸಮಾಜದ ದಿನನಿತ್ಯದ ಸಂಬೋಧನೆಯಲ್ಲೇ ಅದಕ್ಕೆ ಜಾಗವಿತ್ತು ಎಂಬುದು ಮುಖ್ಯ.

ತನ್ನನ್ನು ಚುಚ್ಚಿದ ಪದವನ್ನೇ ಇಯಾಗೊ ಆಯುಧ ಮಾಡಿಕೊಳ್ಳುತ್ತಾನೆ. ಕ್ಯಾಸಿಯೊ ಕುಡಿದು ಜಗಳವಾಡಿದ ರಾತ್ರಿ ನಡೆದದ್ದೇನು ಎಂದು ಒಥೆಲೊ ಕೇಳುತ್ತಾನೆ. ಗೆಳೆಯನ ಮೇಲೆ ದೂರು ಹೇಳಲು ಮನಸ್ಸಿಲ್ಲದವನ ಹಾಗೆ ಇಯಾಗೊ ಹಿಂಜರಿಯುತ್ತಾ, ಹೇಳಬೇಕಾದ್ದನ್ನೆಲ್ಲ ಹೇಳುತ್ತಾನೆ. ನೀನು ಒಳ್ಳೆಯತನದಿಂದ ಕ್ಯಾಸಿಯೊನ ತಪ್ಪನ್ನು ಚಿಕ್ಕದು ಮಾಡಿ ಹೇಳುತ್ತಿದ್ದೀಯ ಎಂದು ಒಥೆಲೊ ತೀರ್ಮಾನಿಸುತ್ತಾನೆ. ಇಲ್ಲಿ ಸಾಕ್ಷಿಯನ್ನು ನೋಡಿ ಸಾಕ್ಷಿದಾರನ ಗುಣವನ್ನು ಅಳೆಯಲಿಲ್ಲ. ಸಾಕ್ಷಿದಾರನಿಗೆ ಮೊದಲೇ ಅಂಟಿಸಿದ್ದ ಗುಣದಿಂದ ಸಾಕ್ಷಿಯನ್ನು ಅಳೆದದ್ದಾಯಿತು. ಕೆಲಸ ಕಳೆದುಕೊಂಡ ಕ್ಯಾಸಿಯೊ ಕೂಡ ಅದೇ ಇಯಾಗೊನ ಸಲಹೆ ಕೇಳಿ, ಹೋಗುವಾಗ ಅದೇ ಬಿರುದಿನಿಂದ ಅವನಿಗೆ ಶುಭರಾತ್ರಿ ಹೇಳುತ್ತಾನೆ.

ಇದನ್ನು 'ಜೂಲಿಯಸ್ ಸೀಸರ್' ನಾಟಕದ ಜೊತೆ ಇಟ್ಟು ನೋಡಬಹುದು. ಅಲ್ಲಿ ಸೀಸರನ ಹೆಣದ ಮುಂದೆ ಮಾತಾಡುವ ಆಂಟನಿ, ಬ್ರೂಟಸನನ್ನು ಗೌರವಾನ್ವಿತನೆಂದು ಮತ್ತೆ ಮತ್ತೆ ಕರೆಯುತ್ತಾನೆ. ಆ ಪದವೂ 'ಆನರ್' ಎಂಬ ಮೂಲದ್ದೇ. ನಾಲ್ಕೈದು ಸಲ ಕೇಳುವಷ್ಟರಲ್ಲಿ ರೋಮಿನ ಜನಕ್ಕೆ ಅದರ ವ್ಯಂಗ್ಯ ತಿಳಿದು ದಂಗೆ ಏಳುತ್ತದೆ. 'ಒಥೆಲೊ'ದಲ್ಲಿ ಪದ 52 ಸಲ ಬಂದರೂ ರಂಗದ ಮೇಲಿರುವ ಒಬ್ಬರಿಗೂ ಅನುಮಾನ ಬರುವುದಿಲ್ಲ. ಗೊತ್ತಿರುವುದು ನೋಡುವ ನಮಗೆ, ಮತ್ತು ಇಯಾಗೊನಿಗೆ. ಹಾಗಾಗಿ ನಾವು ಇಷ್ಟವಿಲ್ಲದಿದ್ದರೂ ಅವನ ಪಾಲುದಾರರಾಗಿ ಕೂತಿರುತ್ತೇವೆ. ಈ ನಾಟಕ ನೋಡುವಾಗ ಆಗುವ ವಿಶಿಷ್ಟ ಕಸಿವಿಸಿಗೆ ಇದೂ ಒಂದು ಕಾರಣ.

ಈಗ ಕನ್ನಡದ ಪ್ರಶ್ನೆ. 'ಒಥೆಲೊ' ಕನ್ನಡಕ್ಕೆ ಹೊಸದಲ್ಲ. 19ನೇ ಶತಮಾನದಲ್ಲೇ ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಅದನ್ನು 'ಶೂರಸೇನ ಚರಿತ್ರೆ' ಎಂದು ರೂಪಾಂತರಿಸಿದರು. ಆ ಹೆಸರಿನಲ್ಲೇ 'ಶೂರ' ಎಂಬುದಿದೆ. ಮೂಲದಲ್ಲೂ ವೆನಿಸ್ಸಿನ ಹಿರಿಯರು ಒಥೆಲೊನನ್ನು ಹೊಗಳುವುದು ಶೂರನಾದ ಮೂರ್ ಎಂದೇ. ಯುದ್ಧಕ್ಕೆ ಬೇಕಾದಾಗ ಶೂರ, ಮಗಳನ್ನು ಮದುವೆಯಾದಾಗ ಮಾಟಗಾರ. ಹಾಗೆ ನೋಡಿದರೆ ಒಥೆಲೊನಿಗೂ ಒಂದು ಬಿರುದಿದೆ, ಅವನಿಗೂ ಅದು ಹೊರಗಿನಿಂದ ಬಂದದ್ದು. ಬಿರುದು ಕೊಟ್ಟವರ ನಡುವೆ ತನ್ನ ಜಾಗ ಗಟ್ಟಿಯಲ್ಲ ಎಂಬ ಅಳುಕು ಒಥೆಲೊನಲ್ಲಿದೆ. ಆ ಅಳುಕನ್ನು ಸರಿಯಾಗಿ ಬಲ್ಲವನು ಇನ್ನೊಂದು ಬಿರುದನ್ನು ಹೊತ್ತ ಇಯಾಗೊ.

'ಆನೆಸ್ಟ್' ಪದವನ್ನು ಕನ್ನಡಕ್ಕೆ ತರುವವರಿಗೆ ದೊಡ್ಡ ಕಷ್ಟವಿದೆ. ಇಯಾಗೊನಿಗೆ 'ನಿಯತ್ತಿನವನು' ಎನ್ನಬಹುದು, ಕ್ಯಾಸಿಯೊನಿಗೆ 'ಪ್ರಾಮಾಣಿಕ' ಎನ್ನಬಹುದು, ಡೆಸ್ಡಿಮೋನಾಳಿಗೆ 'ಗರತಿ' ಅಥವಾ 'ಶೀಲವಂತೆ' ಎನ್ನಲೇಬೇಕು. ಒಂದೊಂದು ಕಡೆಯಲ್ಲೂ ಅರ್ಥ ಸರಿಯಾಗುತ್ತದೆ, ಒಟ್ಟು ನಾಟಕದಲ್ಲಿ ದಾರ ಕಡಿದುಹೋಗುತ್ತದೆ. ಏಕೆಂದರೆ ಮೂಲದಲ್ಲಿ ಒಂದೇ ಪದ ಮೂವರ ಮೇಲೂ ಓಡಾಡುತ್ತದೆ. ಎಲ್ಲ ಕಡೆಯೂ 'ಪ್ರಾಮಾಣಿಕ' ಎಂದೇ ಇಟ್ಟರೆ ದಾರ ಉಳಿಯುತ್ತದೆ, ಆದರೆ ಅಂತಸ್ತೂ ಶೀಲವೂ ಬಿದ್ದುಹೋಗುತ್ತವೆ.

ಆದರೆ 'ಪ್ರಾಮಾಣಿಕ' ಎಂಬ ಪದ ಇಂಗ್ಲಿಷಿನಲ್ಲಿಲ್ಲದ ಒಂದು ಬಾಗಿಲನ್ನು ತೆರೆಯುತ್ತದೆ. ಅದರ ಮೂಲ 'ಪ್ರಮಾಣ'. ನ್ಯಾಯಶಾಸ್ತ್ರದಲ್ಲಿ ಪ್ರಮಾಣ ಎಂದರೆ ಸರಿಯಾದ ತಿಳಿವಳಿಕೆಗೆ ಸಾಧನ. ಕಣ್ಣಾರೆ ಕಾಣುವುದು ಪ್ರತ್ಯಕ್ಷ, ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ, ನಂಬಿಕೆಗೆ ಅರ್ಹನಾದ ಆಪ್ತನ ಮಾತು ಶಬ್ದ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೇ ಅಂಕದ ಮೂರನೇ ದೃಶ್ಯವನ್ನು ಓದಬೇಕು. ಇಡೀ ನಾಟಕ ತಿರುಗುವುದು ಅಲ್ಲೇ.

ಕ್ಯಾಸಿಯೊ ನಂಬಿಕಸ್ಥನಲ್ಲವೇ ಎಂದು ಒಥೆಲೊ ಕೇಳುತ್ತಾನೆ. ಇಯಾಗೊ ಉತ್ತರ ಕೊಡದೆ 'ಆನೆಸ್ಟ್' ಎಂಬ ಆ ಪದವನ್ನೇ ಪ್ರಶ್ನೆಯಾಗಿ ತಿರುಗಿಸಿ ಕೊಡುತ್ತಾನೆ. ಒಂದು ಸುಳ್ಳನ್ನೂ ಹೇಳದೆ, ಬರೀ ಪ್ರತಿಧ್ವನಿಯಿಂದ, ಗಟ್ಟಿಯಾಗಿದ್ದ ಪದವನ್ನು ಪೊಳ್ಳು ಮಾಡುತ್ತಾನೆ. ಕ್ಯಾಸಿಯೊನ ಮೇಲೆ ಬಿದ್ದ ಆ ಪೊಳ್ಳು ದನಿ ಡೆಸ್ಡಿಮೋನಾಳ ಕಡೆಗೂ ಹರಿಯುತ್ತದೆ. ಅವಳು ಶೀಲವಂತೆ ಎಂದೂ ಅನಿಸುತ್ತದೆ, ಅಲ್ಲ ಎಂದೂ ಅನಿಸುತ್ತದೆ ಎಂದು ಒಥೆಲೊ ಒದ್ದಾಡುತ್ತಾನೆ. ಕೊನೆಗೆ ಇಯಾಗೊನ ಕುತ್ತಿಗೆ ಹಿಡಿದು ಕಣ್ಣಿಗೆ ಕಾಣುವ ಪ್ರಮಾಣ ಕೊಡು ಎಂದು ಗರ್ಜಿಸುತ್ತಾನೆ. ಅವನು ಕೇಳಿದ್ದು ಪ್ರತ್ಯಕ್ಷ. ಪ್ರತ್ಯಕ್ಷ ಅಸಾಧ್ಯ ಎಂದು ಇಯಾಗೊ ಒಪ್ಪಿಸುತ್ತಾನೆ, ಸತ್ಯದ ಬಾಗಿಲವರೆಗೆ ಕರೆದೊಯ್ಯುವ ಸುಳಿವುಗಳಿವೆ ಎನ್ನುತ್ತಾನೆ. ಕ್ಯಾಸಿಯೊ ನಿದ್ದೆಯಲ್ಲಿ ಏನೋ ಕನವರಿಸಿದ, ಒಥೆಲೊ ಹೆಂಡತಿಗೆ ಕೊಟ್ಟ ಕರವಸ್ತ್ರದಿಂದ ಕ್ಯಾಸಿಯೊ ಗಡ್ಡ ಒರೆಸಿಕೊಂಡ. ಸಿಕ್ಕಿದ್ದು ಅನುಮಾನ.

ಶಾಸ್ತ್ರದಲ್ಲಿ ಅನುಮಾನ ಎಂದರೆ ತರ್ಕಬದ್ಧವಾದ ಊಹೆ, ತಿಳಿವಳಿಕೆಯ ಸಾಧನ. ನಮ್ಮ ಆಡುಮಾತಿನಲ್ಲಿ ಅನುಮಾನ ಎಂದರೆ ಸಂಶಯ, ತಿಳಿವಳಿಕೆಯನ್ನು ತಿನ್ನುವ ಹುಳ. ಒಥೆಲೊ ಮೊದಲನೆಯದೆಂದು ನಂಬಿ ಎರಡನೆಯದಕ್ಕೆ ಬೀಳುತ್ತಾನೆ. ಕನವರಿಕೆಯ ಕಥೆಗಾಗಲಿ ಕರವಸ್ತ್ರದ ಕಥೆಗಾಗಲಿ ಅಲ್ಲಿ ಇರುವ ಆಧಾರ ಒಂದೇ: ಹೇಳುತ್ತಿರುವವನು 'ಆನೆಸ್ಟ್' ಎಂಬ ಖ್ಯಾತಿ. ಎಂದರೆ ಆಪ್ತವಾಕ್ಯ. ಕನ್ನಡದಲ್ಲಿ ಪ್ರಮಾಣ ಎಂದರೆ ಆಣೆ ಎಂಬ ಅರ್ಥವೂ ಇದೆ. ದೃಶ್ಯದ ಕೊನೆಯಲ್ಲಿ ಒಥೆಲೊ ಮಂಡಿಯೂರಿ ಸೇಡಿನ ಆಣೆಯಿಡುತ್ತಾನೆ, ಇಯಾಗೊ ಪಕ್ಕದಲ್ಲಿ ಮಂಡಿಯೂರುತ್ತಾನೆ. ಪ್ರಮಾಣ ಬೇಕು ಎಂದು ಹಟ ಹಿಡಿದವನು ಪ್ರಮಾಣ ಮಾಡಿ ಎದ್ದ. ಏಳುವಾಗ ಇಯಾಗೊನನ್ನು ತನ್ನ ಲೆಫ್ಟಿನೆಂಟ್ ಎಂದು ಕರೆಯುತ್ತಾನೆ. ತಡೆದಿದ್ದ ಬಡ್ತಿ ಅಂತೂ ಸಿಕ್ಕಿತು.

ಒಥೆಲೊ ಕುತ್ತಿಗೆ ಹಿಡಿದಾಗ ಇಯಾಗೊ ಲೋಕವನ್ನು ಸಾಕ್ಷಿಗೆ ಕರೆದು, ನೇರವಾಗಿರುವುದು ಈ ಕಾಲಕ್ಕೆ ಕ್ಷೇಮವಲ್ಲ ಎಂದು ಗೋಳಾಡುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ನಮ್ಮ ಗಾದೆಯ ಮಾತೇ ಅದು. ಗಾದೆ ಸತ್ಯವಂತನ ಪರವಾಗಿದೆ ಎಂದು ನಾವು ತಿಳಿದಿದ್ದೇವೆ. ಇಯಾಗೊ ಅದನ್ನು ಬಳಸಿದಾಗ, ಒದೆ ತಿನ್ನುವವನೆಲ್ಲ ಸತ್ಯವಂತನಲ್ಲ ಎಂಬುದು ಹೊಳೆಯುತ್ತದೆ. ಒರಟು ಮಾತಿಗೆ ಸತ್ಯದ ಬೆಲೆ ಕೊಡುವುದು ಎಲ್ಲ ಕಾಲದ ಚಪಲ. 'ನಾನು ನೇರವಾಗಿ ಮಾತಾಡುವವನು' ಎಂದು ಹೇಳಿಕೊಳ್ಳುವವನ ಮಾತನ್ನು ಪರೀಕ್ಷಿಸದೆ ಒಪ್ಪುವವರು ಇವತ್ತೂ ಕಡಿಮೆಯಿಲ್ಲ.

ಹೆಂಗಸರ ಕಡೆಗೆ ನೋಡಿದರೆ ಪದದ ಅನ್ಯಾಯ ಇನ್ನೂ ಸ್ಪಷ್ಟ. ಗಂಡಸಿನ 'ಆನೆಸ್ಟಿ' ಅವನ ನಾಲಿಗೆಯಲ್ಲಿದೆ, ಹೆಣ್ಣಿನದು ಅವಳ ಮೈಯಲ್ಲಿದೆ. ಡೆಸ್ಡಿಮೋನಾ ನಿಜ ಹೇಳಿದಳೋ ಇಲ್ಲವೋ ಎಂಬುದು ಒಥೆಲೊನಿಗೆ ಮುಖ್ಯವೇ ಅಲ್ಲ, ಅವಳ ಮಾತು ಪ್ರಮಾಣವೆಂದು ಲೆಕ್ಕಕ್ಕೇ ಬರುವುದಿಲ್ಲ. ಐದನೇ ಅಂಕದಲ್ಲಿ ಬಿಯಾಂಕಾ ಎಂಬ ಹೆಣ್ಣು, ಎಲ್ಲರೂ ವೇಶ್ಯೆ ಎನ್ನುವವಳು, ತನ್ನನ್ನು ಬೈಯುತ್ತಿರುವ ಎಮಿಲಿಯಾಳಷ್ಟೇ ತಾನೂ 'ಆನೆಸ್ಟ್' ಎಂದು ತಿರುಗಿ ಹೇಳುತ್ತಾಳೆ. ಅದಕ್ಕೆ ಯಾರೂ ಕಿವಿಗೊಡುವುದಿಲ್ಲ.

ಎಮಿಲಿಯಾ ಇಯಾಗೊನ ಹೆಂಡತಿ. ಬಿದ್ದಿದ್ದ ಕರವಸ್ತ್ರವನ್ನು ಎತ್ತಿ ಗಂಡನಿಗೆ ಕೊಟ್ಟವಳು, ಡೆಸ್ಡಿಮೋನಾ ಹುಡುಕುವಾಗ ಗೊತ್ತಿಲ್ಲ ಎಂದವಳು. ಕೊಲೆಯಾದ ಮೇಲೆ ಒಥೆಲೊ, ಇದೆಲ್ಲ ನಿನ್ನ ಗಂಡನೇ ಹೇಳಿದ್ದು, ಅವನು 'ಆನೆಸ್ಟ್' ಎನ್ನುತ್ತಾನೆ. ನನ್ನ ಗಂಡನೇ ಎಂದು ಎಮಿಲಿಯಾ ಮತ್ತೆ ಮತ್ತೆ ಕೇಳುತ್ತಾಳೆ. ಹಿಂದೆ ಇಯಾಗೊ ಮಾಡಿದ್ದೂ ಪ್ರತಿಧ್ವನಿಯೇ, ಅದು ಸತ್ಯವನ್ನು ಮಸುಕು ಮಾಡಿತ್ತು. ಎಮಿಲಿಯಾಳ ಪ್ರತಿಧ್ವನಿಯಲ್ಲಿ ಸತ್ಯ ಒಂದೊಂದೇ ಹೆಜ್ಜೆಯಾಗಿ ಹೊರಗೆ ಬರುತ್ತದೆ. ಮನೆಗೆ ಹೋಗು ಎಂದು ಗಂಡ ಗದರಿಸಿದರೂ ಹೋಗದೆ, ಎಲ್ಲವನ್ನೂ ಹೇಳಿ, ಅವನ ಕತ್ತಿಗೆ ಸಾಯುತ್ತಾಳೆ. ಪದದ ಪೂರ್ತಿ ಅರ್ಥಕ್ಕೆ ನಾಟಕದಲ್ಲಿ ತಕ್ಕವರಿದ್ದರೆ ಅವಳೇ. ಆದರೆ ಆ ಬಿರುದು ಅವಳ ಹೆಸರಿನ ಹಿಂದೆ ಅಂಟಿಕೊಳ್ಳುವುದಿಲ್ಲ. ಇನ್ನು ಡೆಸ್ಡಿಮೋನಾಳ ಕೊನೆಯ ಮಾತು ಒಂದು ಸುಳ್ಳು. ಕೊಂದವರು ಯಾರು ಎಂದು ಕೇಳಿದಾಗ ನಾನೇ ಎನ್ನುತ್ತಾಳೆ. ಗಂಡನನ್ನು ಉಳಿಸಲು ಆಡಿದ ಆ ಸುಳ್ಳಿನ ಮುಂದೆ ಇಯಾಗೊನ 'ನೇರ ಮಾತು'ಗಳೆಲ್ಲ ಏನು ಎಂದು ನಾಟಕ ನಮ್ಮನ್ನು ಕೇಳುತ್ತದೆ.

ಕೊನೆಯಲ್ಲಿ ಮೊಂಟಾನೊ ಒಥೆಲೊನ ಕತ್ತಿಯನ್ನು ಕಿತ್ತುಕೊಳ್ಳುತ್ತಾನೆ. ಆಗ ಒಥೆಲೊ, 'ಆನೆಸ್ಟಿ'ಯೇ ಹೋದ ಮೇಲೆ 'ಆನರ್' ಯಾಕೆ ಉಳಿಯಬೇಕು ಎಂಬರ್ಥದ ಮಾತಾಡುತ್ತಾನೆ. ಒಂದೇ ಬೇರಿನಿಂದ ಹುಟ್ಟಿ, ಒಂದು ದೊರೆಗಳಿಗೂ ಇನ್ನೊಂದು ಆಳುಗಳಿಗೂ ಹಂಚಿಹೋಗಿದ್ದ ಎರಡು ಪದಗಳು ಅಲ್ಲಿ ಒಂದೇ ಸಾಲಿನಲ್ಲಿ ಕೂಡುತ್ತವೆ, ಕೂಡಿ ಎರಡೂ ಬೀಳುತ್ತವೆ. ಇಯಾಗೊನನ್ನು ಲೊಡೊವಿಕೊ ನಾಯಿ ಎಂದು ಕರೆಯುತ್ತಾನೆ. ನಿಯತ್ತಿನಿಂದ ನಾಯಿಯವರೆಗಿನ ದಾರಿ ಎಷ್ಟು ಹತ್ತಿರ ಎಂಬುದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಯಾಗೊ ಮಾತ್ರ ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಬಾಯಿ ಮುಚ್ಚುತ್ತಾನೆ. ನಾಟಕದಲ್ಲಿ ಅವನು ಅಕ್ಷರಶಃ ಉಳಿಸಿಕೊಂಡ ಮಾತು ಅದು.

ಒಂದು ಪದ ಇಡೀ ದುರಂತವನ್ನು ವಿವರಿಸುತ್ತದೆ ಎಂದು ಹೇಳಲಾಗದು. ಒಥೆಲೊನ ಬಣ್ಣ, ಪರಕೀಯತೆ, ಅವನ ಮಾತಿನ ಆಡಂಬರ, ಯುದ್ಧವಿಲ್ಲದೆ ದ್ವೀಪದಲ್ಲಿ ಕೂತ ಸೈನ್ಯ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಇವೆಲ್ಲ ಒಂದಕ್ಕೊಂದು ತಾಗುವ ಜಾಗ ಈ ಪದ. ವಿದ್ಯಾರ್ಥಿಗಳು ನಾಟಕವನ್ನು ಇನ್ನೊಮ್ಮೆ ಓದುವಾಗ ಒಂದು ಪೆನ್ಸಿಲ್ ಹಿಡಿದು ಕೂರಲಿ. ಪ್ರತಿ 'ಆನೆಸ್ಟ್' ಪಕ್ಕದಲ್ಲೂ ಎರಡು ಪ್ರಶ್ನೆ ಬರೆಯಲಿ: ಯಾರು ಯಾರಿಗೆ ಹೇಳಿದರು? ಹೇಳುವಾಗ ಅವರ ಬಳಿ ಇದ್ದ ಪ್ರಮಾಣ ಏನು? ಎರಡನೆಯ ಪ್ರಶ್ನೆಗೆ ಹೆಚ್ಚಿನ ಕಡೆ ಉತ್ತರ ಸಿಗುವುದಿಲ್ಲ. ಆ ಖಾಲಿ ಜಾಗದಲ್ಲೇ ಡೆಸ್ಡಿಮೋನಾ ಸತ್ತದ್ದು.